ಒಂದೇ ತೋಟಾ, ಎರಡು ನಳಿಗೆ

ತೋಟಕ್ಕೂ ತೋಟಾಕ್ಕೂ ನಡುವೆ ಇರುವುದು ಒಂದು ದೀರ್ಘ, ಅಷ್ಟೇ. ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ತೋಟವಿದ್ದವರ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಒಂದು ಕೋವಿ ಇರುವುದು ಸಾಮಾನ್ಯವಾಗಿತ್ತು. ಅನುಕೂಲಸ್ಥರಲ್ಲಿ ತೋಟಾ ಕೋವಿ, ಅಂದರೆ ಅಂಗಡಿಯಲ್ಲಿ ಕೊಂಡ ಸಿದ್ಧ ತೋಟಾವನ್ನು ಹಿಂದಿನಿಂದ ಸೇರಿಸಿ ಹೊಡೆಯುವಂಥದ್ದು. ಉಳಿದವರಲ್ಲಿ ಕೇಪಿನ ಕೋವಿ. ನಮ್ಮದು ಕೇಪಿನದು. ಚುನಾವಣೆ ಬಂತೆಂದರೆ ಅಪ್ಪ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋಗಿ ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ನೀತಿಸಂಹಿತೆ ಮಂಗಗಳಿಗೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಕೋವಿ ವಾಪಸು ಬರುವವರೆಗೆ ಬಾಳೆಗೊನೆಯ ಆಸೆಯನ್ನು ನಾವು ಬಿಟ್ಟುಬಿಡುತ್ತಿದ್ದೆವು.

ಹೆಣ್ಣುಮಕ್ಕಳು ಕೋವಿ ಹಿಡಿಯುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಹೊಡೆಯುವುದು ಅಪ್ಪ, ಅವರಿಲ್ಲದಾಗ ಅಣ್ಣ. ಈಡು ತುಂಬುವಾಗ ಬೇಕಾದ್ದನ್ನು ಒಂದೊಂದಾಗಿ ಎತ್ತಿ ಕೊಡುವುದು ನನ್ನ ಪಾಲಿನ ಕೆಲಸ. ನಳಿಗೆಯ ಬಾಯಿಂದ ಅಳತೆ ಮದ್ದು, ಅದರ ಮೇಲೆ ತೆಂಗಿನ ನಾರಿನ ಉಂಡೆ, ಗಜದಿಂದ ಒತ್ತಿ ಗಿಡಿದ ಮೇಲೆ ಚರೆ, ಮತ್ತೆ ನಾರು, ಎಲ್ಲಕ್ಕೂ ಕೊನೆಗೆ ಕೇಪು. ಇದಕ್ಕೆಲ್ಲ ಮೊದಲು ಅಪ್ಪ ತಪ್ಪದೆ ಮಾಡುತ್ತಿದ್ದ ಒಂದು ಕೆಲಸವಿತ್ತು. ಗಜವನ್ನು ನಳಿಗೆಯೊಳಗೆ ಇಳಿಬಿಟ್ಟು ಅದು ಎಷ್ಟು ಹೊರಗೆ ನಿಲ್ಲುತ್ತದೆ ಎಂದು ನೋಡುವುದು. ಗುರುತಿಗಿಂತ ಮೇಲೆ ನಿಂತರೆ ಒಳಗೆ ಆಗಲೇ ಯಾರೋ ತುಂಬಿದ ಈಡು ಇದೆ ಎಂದರ್ಥ. ಈಡಿನ ಮೇಲೆ ಈಡು ತುಂಬಿದರೆ ನಳಿಗೆ ಒಡೆಯುತ್ತದೆ. ಬೇರೆಯವರು ತುಂಬಿದ್ದನ್ನು ಅಪ್ಪ ಹೊಡೆಯುತ್ತಿರಲಿಲ್ಲ. ತಾವು ತುಂಬಿದ್ದನ್ನು ಬೇರೆಯವರ ಕೈಗೆ ಕೊಡುತ್ತಲೂ ಇರಲಿಲ್ಲ.

ಮೂವತ್ತು ವರ್ಷಗಳ ಮೇಲೆ ಇದೇ ಮಾತನ್ನು ನಾನು ಇಂಗ್ಲಿಷಿನಲ್ಲಿ ಕೇಳಿದೆ, ಐಡಹೊ ರಾಜ್ಯದ ಮಾಸ್ಕೋ ಎಂಬ ಊರಿನ ಒಂದು ಗ್ಯಾರೇಜಿನಲ್ಲಿ. ಹೌದು, ಅಮೆರಿಕದಲ್ಲೂ ಒಂದು ಮಾಸ್ಕೋ ಇದೆ. ಸುತ್ತ ಪಲೂಸ್ ಎಂದು ಕರೆಯುವ ಅಲೆಅಲೆಯಾದ ಗುಡ್ಡಗಳು. ಗುಡ್ಡದ ತುಂಬ ಗೋಧಿ, ಕಡಲೆ, ಮಸೂರ. ಮಣ್ಣು ಪರೀಕ್ಷೆಯ ಪ್ರಯೋಗಾಲಯದ ಕೆಲಸ ನನ್ನನ್ನು ಅಲ್ಲಿಗೆ ತಂದಿತ್ತು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಹೊಲವನ್ನು ಅಳಿಯನಿಗೆ ಬಿಟ್ಟುಕೊಟ್ಟು ಊರೊಳಗೆ ಬಂದು ನೆಲೆಸಿದ್ದ ಒಬ್ಬ ಮುದುಕರಿದ್ದರು. ಅಲ್ಲಿಯ ರೀತಿಯಂತೆ ನಾನು ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ. ಎಂಬತ್ತರ ಹತ್ತಿರದವರನ್ನು ಹಾಗೆ ಕರೆಯಲು ನಾಲಿಗೆ ಒಗ್ಗದೆ ಮನಸ್ಸಿನಲ್ಲಿ ಮಾತ್ರ ಅಜ್ಜ ಅನ್ನುತ್ತಿದ್ದೆ. ಇಲ್ಲೂ ಅಜ್ಜ ಎಂದೇ ಬರೆಯುತ್ತೇನೆ.

2020ರ ಚಳಿಗಾಲ ಅದು. ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರು ಮಾಯವಾದ ಹಾಗೆ ತೋಟಾಗಳೂ ಮಾಯವಾಗಿದ್ದವು. ಮಾಸ್ಕೋದಿಂದ ಐವತ್ತು ಕಿಲೋಮೀಟರ್ ದಕ್ಷಿಣಕ್ಕೆ, ಸ್ನೇಕ್ ನದಿಯ ದಡದ ಲೂಯಿಸ್ಟನ್‌ನಲ್ಲಿ ತೋಟಾ ಮತ್ತು ಗುಂಡುಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಯೇ ಇದೆ. ಆದರೂ ನಮ್ಮೂರಿನ ಅಂಗಡಿಯ ಕಪಾಟು ಖಾಲಿ. ಅಜ್ಜನಿಗೆ ಅದರ ಬಿಸಿ ತಟ್ಟಿರಲಿಲ್ಲ. ನಲವತ್ತು ವರ್ಷಗಳಿಂದ ಅವರು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಗ್ಯಾರೇಜಿನ ಬಾಗಿಲು ತೆರೆದಿದ್ದಾಗ ಒಂದು ಸಂಜೆ ಇಣುಕಿದೆ. ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಪ್ರೆಸ್ಸು, ಅದರ ಪಕ್ಕ ಅಕ್ಕಸಾಲಿಗರ ತಕ್ಕಡಿಯಂಥದ್ದೊಂದು, ಮರದ ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಂತ ಐವತ್ತು ಹಿತ್ತಾಳೆ ಕೋಶಗಳು. ಈಡು ತುಂಬುತ್ತಿದ್ದಾರೆ ಎಂದು ನೋಡಿದ ಕ್ಷಣಕ್ಕೇ ಗೊತ್ತಾಯಿತು. ನನ್ನ ಕೈ ಸುಮ್ಮನೆ ಇರದೆ ತೆಂಗಿನ ನಾರು ಹುಡುಕುವುದೊಂದು ಬಾಕಿ.

‘ಇನ್ನೊಬ್ಬರು ತುಂಬಿದ ತೋಟಾ ಯಾವತ್ತೂ ಹೊಡೆಯಬೇಡ’ ಎಂದರು ಅಜ್ಜ, ಮೊದಲ ಪಾಠವಾಗಿ. ‘ನಾನು ತುಂಬಿದ್ದನ್ನೂ.’ ಆಮೇಲೆ ಮೂರು ವರ್ಷ ನಾನು ಹೊಡೆದದ್ದೆಲ್ಲ ಅವರು ತುಂಬಿದ್ದೇ. ನಿಯಮ ಅವರಿಗೂ ಗೊತ್ತು, ನನಗೂ ಗೊತ್ತು. ನಂಬಿಕೆ ಬೆಳೆದ ಕಡೆ ನಿಯಮ ಬಾಗಿಲ ಹೊರಗೆ ಚಪ್ಪಲಿಯ ಹಾಗೆ ಉಳಿದುಬಿಡುತ್ತದೆ.

ಕೆಲಸ ಹೀಗೆ. ಹೊಡೆದ ಮೇಲೆ ಹಿತ್ತಾಳೆ ಕೋಶ ಕಸವಲ್ಲ. ಹೆಕ್ಕಿ ತಂದು ತೊಳೆದರೆ ಮತ್ತೆ ಹತ್ತಾರು ಸಲ ಬಳಸಬಹುದು. ಬೆಂಕಿಗೆ ಸ್ವಲ್ಪ ಉಬ್ಬಿದ ಕೋಶವನ್ನು ಪ್ರೆಸ್ಸಿನಲ್ಲಿ ಡೈ ಹಾಕಿ ಒತ್ತಿ ಹಳೆಯ ಗಾತ್ರಕ್ಕೆ ತರಬೇಕು. ಅದೇ ಒತ್ತಿನಲ್ಲಿ ಸತ್ತ ಪ್ರೈಮರು ಕೆಳಗುದುರುತ್ತದೆ. ಪ್ರೈಮರು ಅಂದರೆ ನಮ್ಮ ಕೇಪೇ, ಅಂಡಿನಲ್ಲಿ ಕೂರುತ್ತದೆ. ಹೊಸ ಪ್ರೈಮರು ಕೂರಿಸಿ, ಬಾಯಿ ಕೊಂಚ ಅಗಲಿಸಿ, ಮದ್ದು ಸುರಿದು, ಗುಂಡು ಇಳಿಸಿ, ಕೋಶದ ಅಂಚನ್ನು ಗುಂಡಿನ ಸುತ್ತಲಿನ ಗೀರಿಗೆ ಮಡಿಸಿ ಕಚ್ಚಿಸಿದರೆ ಮುಗಿಯಿತು. ಮದ್ದಿನ ತೂಕ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ, ಹೆಚ್ಚುಕಡಿಮೆ ಅರ್ಧ ಗುಲಗಂಜಿ. ಅಜ್ಜ ಅದರ ಹತ್ತನೇ ಒಂದು ಭಾಗಕ್ಕೂ ತಲೆಕೆಡಿಸಿಕೊಳ್ಳುತ್ತಿದ್ದರು. ಐವತ್ತೂ ಕೋಶಗಳಿಗೆ ಮದ್ದು ಬಿದ್ದ ಮೇಲೆ ಗುಂಡು ಕೂರಿಸುವ ಮುಂಚೆ ಹಲಗೆಯ ಮೇಲೆ ದೀಪ ಬಗ್ಗಿಸಿ ಒಂದೊಂದರೊಳಗೂ ಇಣುಕುವುದು ಅವರ ನಿತ್ಯದ ಕ್ರಮ. ಖಾಲಿ ಉಳಿದಿದೆಯೇ, ಎರಡು ಸಲ ಬಿದ್ದಿದೆಯೇ ಎಂದು. ಕೇಪಿನ ಕೋವಿಗೆ ಗಜ ಇಳಿಸಿದಂತೆಯೇ ಇದೂ.

ಈ ತೋಟಾಗಳನ್ನು ಅವರು ಎರಡು ಆಯುಧಗಳಲ್ಲಿ ಹೊಡೆಯುತ್ತಿದ್ದರು. ನನಗೆ ಕುತೂಹಲ ಹುಟ್ಟಿಸಿದ್ದು ಇದೇ. ಒಂದು .357 ಮ್ಯಾಗ್ನಮ್ ರಿವಾಲ್ವರು, ನಾಲ್ಕಂಗುಲದ ನಳಿಗೆಯದು. ಇನ್ನೊಂದು ಅದೇ ತೋಟಾವನ್ನು ನುಂಗುವ ಮಾರ್ಲಿನ್ ಕಾರ್ಬೈನು, ಹದಿನೆಂಟೂವರೆ ಅಂಗುಲದ್ದು. ಹಿಡಿಯ ಕೆಳಗಿನ ಲಿವರನ್ನು ಕೆಳಗೆ ತಳ್ಳಿದರೆ ಖಾಲಿ ಕೋಶ ಹೊರಕ್ಕೆ, ಮೇಲೆ ಎಳೆದರೆ ಹೊಸ ತೋಟಾ ಒಳಕ್ಕೆ. ಕೌಬಾಯ್ ಸಿನಿಮಾ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಸಿನಿಮಾ ಬೇಡ ಅನ್ನುವವರಿಗೆ ನಮ್ಮದೇ ಒಂದು ನಂಟಿದೆ. ತೇಜಸ್ವಿಯವರು ಕನ್ನಡಕ್ಕೆ ತಂದ ಶಿಕಾರಿ ಕತೆಗಳ ಕೆನೆತ್ ಆಂಡರ್ಸನ್ ಬೆಂಗಳೂರಿನಿಂದ ಹೊರಟು ಕಾಡು ಸುತ್ತುವಾಗ ಹೆಗಲ ಮೇಲಿರುತ್ತಿದ್ದ .405 ವಿಂಚೆಸ್ಟರು ಇದೇ ಜಾತಿಯ ಲಿವರಿನ ರೈಫಲ್ಲು. ಆ ಪುಸ್ತಕಗಳನ್ನು ಓದುವಾಗ ಅದು ಹೇಗಿತ್ತೆಂದು ನನಗೆ ಕಲ್ಪನೆಯೇ ಇರಲಿಲ್ಲ. ನಮ್ಮ ಕೇಪಿನ ಕೋವಿಯನ್ನೇ ಆಂಡರ್ಸನ್ನನ ಕೈಗೆ ಕೊಟ್ಟು ಓದಿಕೊಂಡಿದ್ದೆ. ನರಭಕ್ಷಕ ಎದುರು ನಿಂತಾಗ ಆತ ನಾರು ಗಿಡಿಯುತ್ತ ಕೂರುವ ಚಿತ್ರ!

ಒಂದೇ ತೋಟಾ ಎರಡಕ್ಕೂ ಎಂಬುದು ಹಳೆಯ ಉಪಾಯ. 1873ರ ವಿಂಚೆಸ್ಟರ್ ರೈಫಲ್ಲಿಗೆಂದು .44-40 ಎಂಬ ತೋಟಾ ಬಂತು. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿ ಅದೇ ತೋಟಾಕ್ಕೆ ರಿವಾಲ್ವರನ್ನೂ ಮಾಡಿತು. ಕುದುರೆಯ ಮೇಲೆ ಅಲೆಯುವವನಿಗೆ ಸೊಂಟಪಟ್ಟಿಯಲ್ಲಿ ಒಂದೇ ಬಗೆಯದು ಇದ್ದರೆ ಸಾಕಾಯಿತು. ಅಂಗಡಿ ನೂರಾರು ಮೈಲಿ ದೂರ ಇದ್ದವರಿಗೆಂದು ವಿಂಚೆಸ್ಟರ್ ಕಂಪನಿಯೇ ಮರಳಿ ತುಂಬಿಕೊಳ್ಳುವ ಇಕ್ಕಳದಂಥ ಸಾಧನವನ್ನೂ ಮಾರುತ್ತಿತ್ತು. .357 ಬಂದದ್ದು 1935ರಲ್ಲಿ. ಹಳೆಯ .38 ಸ್ಪೆಷಲ್ ಕೋಶವನ್ನೇ ಒಂದಿಷ್ಟು ಉದ್ದ ಮಾಡಿದ್ದು ಅದು. ಹೊಸ ಬಿರುಸಿನ ತೋಟಾ ಹಳೆಯ ದುರ್ಬಲ ರಿವಾಲ್ವರಿನೊಳಗೆ ಕೂರದಿರಲಿ ಎಂದು.

ಒಂದೇ ತೋಟಾ ನಿಜ, ಆದರೆ ಎರಡೂ ಅದನ್ನು ಒಂದೇ ರೀತಿ ನಡೆಸಿಕೊಳ್ಳುವುದಿಲ್ಲ. ರಿವಾಲ್ವರು ಒದ್ದಾಗ ತಿರುಗಣೆಯಲ್ಲಿ ಸರದಿ ಕಾಯುತ್ತಿರುವ ತೋಟಾಗಳು ಹಿಂದಕ್ಕೆ ಜಗ್ಗುತ್ತವೆ, ಒಳಗಿನ ಗುಂಡು ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಹಾಗಾಗಿ ಅದು ಕೋಶದಿಂದ ಹೊರಗೆ ತೆವಳುತ್ತದೆ. ಕಾರ್ಬೈನಿನಲ್ಲಿ ಇದರ ತಿರುವುಮುರುವು. ಅಲ್ಲಿ ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ಮಲಗಿರುತ್ತವೆ. ಸ್ಪ್ರಿಂಗು ಮುಂದಿನಿಂದ ಒತ್ತುತ್ತಲೇ ಇರುವುದರಿಂದ ಗುಂಡು ಕೋಶದ ಒಳಕ್ಕೆ ಕುಸಿಯುವ ಭಯ. ಅಂಚು ಮಡಿಸಿ ಕಚ್ಚಿಸುವ ಆ ಕೊನೆಯ ಕೆಲಸ ಇವೆರಡನ್ನೂ ತಡೆಯಬೇಕು. ಮೂತಿ ಚೂಪಾದ ಗುಂಡನ್ನು ಈ ಕೊಳವೆಗೆ ಹಾಕುವಂತಿಲ್ಲ. ಅದರ ತುದಿ ಮುಂದಿನ ತೋಟಾದ ಪ್ರೈಮರಿಗೇ ತಾಗಿರುತ್ತದೆ. ಒದೆತಕ್ಕೆ ಕುಟ್ಟಿದರೆ ಕೊಳವೆಯೊಳಗೇ ಸಿಡಿಯಬಹುದು. ಇದೇ ಐಡಹೊದ ಸಾಮನ್ ಊರಿನಲ್ಲಿದ್ದ ಎಲ್ಮರ್ ಕೀತ್ ಎಂಬ ಬರಹಗಾರ ರಿವಾಲ್ವರಿಗೆಂದು ರೂಪಿಸಿದ ಚಪ್ಪಟೆ ಮೂತಿಯ, ಭುಜವಿರುವ ಗುಂಡು ತುಂಬ ಹೆಸರುವಾಸಿ. ಅಜ್ಜನಿಗೆ ಕೀತ್ ಅಂದರೆ ದೇವರು. ಆದರೆ ಆ ಗುಂಡಿನ ಭುಜ ಅವರ ಕಾರ್ಬೈನಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ದೇವರನ್ನು ರಿವಾಲ್ವರಿಗಷ್ಟೇ ಮೀಸಲಿಟ್ಟಿದ್ದರು.

ಇನ್ನು ವೇಗ. 158 ಗ್ರೇನಿನ ಗುಂಡು ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 1250 ಅಡಿ ಹೋದರೆ, ನಿಧಾನಕ್ಕೆ ಉರಿಯುವ ಮದ್ದು ಪೂರ್ತಿ ತುಂಬಿದ ಅದೇ ತೋಟಾ ಕಾರ್ಬೈನಿನಿಂದ 1800ರ ಆಸುಪಾಸು ಹೋಗುತ್ತದೆ. ಉದ್ದ ನಳಿಗೆಯಲ್ಲಿ ಅನಿಲ ಗುಂಡನ್ನು ಹೆಚ್ಚು ಹೊತ್ತು ನೂಕುತ್ತದೆ. ರಿವಾಲ್ವರಿನಲ್ಲಿ ತಿರುಗಣೆಗೂ ನಳಿಗೆಗೂ ನಡುವಿನ ಸಂದಿನಿಂದ ಸೋರುವ ಪಾಲು ಕೂಡ ಇಲ್ಲಿ ಸೋರುವುದಿಲ್ಲ. ಆದರೆ ಬೇಗ ಉರಿಯುವ ಮದ್ದನ್ನು ಚಿಟಿಕೆಯಷ್ಟೇ ಹಾಕಿದ ಹಗುರ ತೋಟಾದ ಲೆಕ್ಕ ಬೇರೆ. ಅದರ ಅನಿಲ ಅರ್ಧ ದಾರಿಯಲ್ಲೇ ದಣಿಯುತ್ತದೆ, ಉಳಿದರ್ಧದಲ್ಲಿ ನಳಿಗೆ ಗುಂಡನ್ನು ಹಿಡಿದೆಳೆಯುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಅದಕ್ಕೂ ಮುಂಚೆ, ಓದುವವರ ಮನಸ್ಸಿನಲ್ಲಿ ಆಗಲೇ ಎದ್ದಿರಬಹುದಾದ ಪ್ರಶ್ನೆಗೆ ಬರುತ್ತೇನೆ. ಅಮೆರಿಕದಲ್ಲಿದ್ದುಕೊಂಡು ಬಂದೂಕಿನ ಬಗ್ಗೆ ಇಷ್ಟು ಅಕ್ಕರೆಯಿಂದ ಬರೆಯಬಹುದೇ? ಶಾಲೆಯೊಂದರಲ್ಲಿ ಗುಂಡು ಹಾರಿದ ಸುದ್ದಿ ಬಂದಾಗಲೆಲ್ಲ ನಾನು ಕೆಲವು ವಾರ ಆ ಗ್ಯಾರೇಜಿನತ್ತ ಹೋಗುತ್ತಿರಲಿಲ್ಲ. ಅಜ್ಜ ಯಾಕೆಂದು ಕೇಳುತ್ತಿರಲಿಲ್ಲ. ನನ್ನ ಗಂಡ ‘ಕಲಿಯಬೇಡ ಅನ್ನಲ್ಲ, ಮನೆಗೆ ತರಬೇಡ’ ಎಂದಿದ್ದ, ತಂದಿಲ್ಲ. ವೀಸಾದ ಮೇಲಿದ್ದಾಗ ಬೇಟೆಯ ಪರವಾನಗಿ ಇಲ್ಲದೆ ನಾನು ತೋಟಾವನ್ನು ಇಟ್ಟುಕೊಳ್ಳುವುದೂ ಅಲ್ಲಿನ ಕಾನೂನಿಗೆ ವಿರುದ್ಧವಾಗುತ್ತಿತ್ತು. ಹಸಿರು ಕಾರ್ಡು ಕೈಗೆ ಬಂದ ಮೇಲೆಯೇ ಇದೆಲ್ಲ. ಒಟ್ಟಿನಲ್ಲಿ ಈ ಪ್ರಶ್ನೆಗೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ನನಗೆ ಹಿಡಿಸಿದ್ದು ಹೊಡೆಯುವುದಕ್ಕಿಂತ ತುಂಬುವುದು ಎಂದಷ್ಟೇ ಹೇಳಬಲ್ಲೆ. ಹೊಡೆದದ್ದು ಕಾಗದ ಮತ್ತು ಕಬ್ಬಿಣದ ತಟ್ಟೆಗಳಿಗೆ.

ಕಳೆದ ಅಕ್ಟೋಬರಿನಲ್ಲಿ ಅಜ್ಜನ ಹಳೆಯ ಹೊಲಕ್ಕೆ ಹೋಗಿದ್ದೆವು. ಗೋಧಿ ಕೊಯ್ದ ಕೂಳೆ, ಹಿಂದೆ ಗುಂಡು ತಡೆಯುವಷ್ಟು ಎತ್ತರದ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಸರಪಳಿಗೆ ತೂಗಿದ ತಟ್ಟೆ. ಮಣಿಕಟ್ಟಿನ ನೋವು ಹೆಚ್ಚಾದಾಗಿನಿಂದ ಅವರು ರಿವಾಲ್ವರಿಗೆಂದು ಹಗುರ ತೋಟಾಗಳನ್ನೇ ತುಂಬುತ್ತಿದ್ದರು, ತಾಮ್ರದ ಹೊದಿಕೆಯ ಗುಂಡು ಕೂರಿಸಿ. ಬೇಸಿಗೆಯಿಡೀ ಅವೇ. ಆ ದಿನ ಅದೇ ಪೆಟ್ಟಿಗೆಯಿಂದ ತೆಗೆದು ಕಾರ್ಬೈನಿಗೆ ಹಾಕಿದರು. ಭುಜಕ್ಕೆ ಒದೆಯೇ ಇಲ್ಲ, ಮಗುವೂ ಹೊಡೆಯಬಹುದು ಎಂದು ಖುಷಿಯಾಗಿದ್ದರು.

ಆರು ಸಲ ತಟ್ಟೆ ಠಣ್ ಎಂದಿತು. ಏಳನೆಯದಕ್ಕೆ ಬರೀ ಟಪ್. ಕಿವಿಮುಚ್ಚುಗೆಯೊಳಗಿಂದ ಕೇಳಿದ ನನಗೂ ಅದು ಬಾಟಲಿಯ ಬಿರಡೆ ತೆಗೆದಂತೆ ಕೇಳಿಸಿತು. ತಟ್ಟೆ ಅಲುಗಲಿಲ್ಲ, ದಿಬ್ಬದಿಂದ ಮಣ್ಣೂ ಹಾರಲಿಲ್ಲ. ಅಜ್ಜ ಗುರಿ ತಪ್ಪಿತೆಂದುಕೊಂಡು ಲಿವರನ್ನು ಕೆಳಗೆ ತಳ್ಳಿದ್ದರು. ಖಾಲಿ ಕೋಶ ಬಲಕ್ಕೆ ಹಾರಿ ಬಿತ್ತು. ಮುಂದಿನ ತೋಟಾ ಮೇಲೇರಲು ಸಿದ್ಧವಾಗಿ ಕೂತಿತ್ತು.

‘ತಡೀರಿ!’

ನನ್ನ ಬಾಯಿಂದ ಬಂದದ್ದು ಕನ್ನಡ. ಅವರಿಗೆ ಅರ್ಥವಾಗುವ ಪ್ರಶ್ನೆಯೇ ಇಲ್ಲ, ಆದರೆ ದನಿ ಅರ್ಥವಾಯಿತು. ಲಿವರು ಅರ್ಧದಲ್ಲೇ ನಿಂತಿತು. ಮೂತಿಯನ್ನು ದಿಬ್ಬದ ಕಡೆಗೇ ಇಟ್ಟುಕೊಂಡು ಅವರು ನನ್ನತ್ತ ತಿರುಗಿ ನೋಡಿದರು.

ಕೊಳವೆಯಲ್ಲಿದ್ದ ತೋಟಾಗಳನ್ನು ಒಂದೊಂದಾಗಿ ಹೊರತೆಗೆದೆವು. ಮಾರ್ಲಿನ್ನಿನಲ್ಲಿ ಒಂದು ತಿರುಪು ಬಿಚ್ಚಿದರೆ ಲಿವರೂ ಅದರ ಹಿಂದೆ ಬೋಲ್ಟೂ ಕೈಗೆ ಬರುತ್ತವೆ. ಹಿಂದಿನಿಂದ ನಳಿಗೆಯ ಒಳಗನ್ನು ನೋಡಬಹುದು. ಆಕಾಶಕ್ಕೆ ಹಿಡಿದು ಅವರು ನೋಡಿದರು, ಆಮೇಲೆ ನಾನು. ದುಂಡಗೆ ಕಾಣಬೇಕಾದ ಬೆಳಕು ಇರಲಿಲ್ಲ. ಮೂತಿಯಿಂದ ಸರಳು ಇಳಿಸಿದರೆ ನಾಲ್ಕು ಬೆರಳು ಒಳಗೆ ಹೋಗಿ ನಿಂತಿತು. ಗುಂಡು ಅಲ್ಲಿ ಕೂತಿತ್ತು. ಅದರ ಹಿಂದೆ ಎಂಟನೆಯದನ್ನು ಹೊಡೆದಿದ್ದರೆ ನಳಿಗೆ ಒಡೆಯುತ್ತಿದ್ದ ಜಾಗ ಅಜ್ಜನ ಎಡಗೈ ಹಿಡಿದಿದ್ದ ಜಾಗಕ್ಕಿಂತ ಎಷ್ಟು ಮುಂದೆ ಎಂದು ನಾನು ಆಗ ಅಳೆಯಲಿಲ್ಲ, ಆಮೇಲೂ ಅಳೆದಿಲ್ಲ.

ಹಿತ್ತಾಳೆಯ ಸರಳಿಟ್ಟು ಮೆಲ್ಲಗೆ ಕುಟ್ಟಿ ಗುಂಡನ್ನು ಹೊರಗೆ ಹಾಕಿದ್ದು ಗ್ಯಾರೇಜಿನಲ್ಲಿ. ನಂತರ ಅಜ್ಜ ಪೆಟ್ಟಿಗೆಯಲ್ಲಿ ಉಳಿದಿದ್ದ 43 ತೋಟಾಗಳನ್ನೂ ಮೇಜಿನ ಮೇಲಿಟ್ಟರು. ಗುಂಡು ಕೀಳಲೆಂದೇ ಒಂದು ಪೊಳ್ಳು ಸುತ್ತಿಗೆ ಇರುತ್ತದೆ. ಅದರೊಳಗೆ ತೋಟಾ ಸಿಕ್ಕಿಸಿ ಮರದ ತುಂಡಿಗೆ ಬಡಿದರೆ ಗುಂಡೂ ಮದ್ದೂ ಕಳಚಿ ಬೀಳುತ್ತವೆ. ಅವರು ಬಡಿದರು, ನಾನು ಮದ್ದನ್ನು ತೂಗಿ ಹೇಳಿದೆ, ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. 31ರಲ್ಲಿ ತೂಕ ಸರಿಯಿತ್ತು. ಒಂಬತ್ತರಲ್ಲಿ ಕಡಿಮೆ. ಮೂರರಲ್ಲಿ ಅರ್ಧಕ್ಕಿಂತಲೂ ಕಡಿಮೆ. ಒಂದರಲ್ಲೂ ಎರಡು ಪಾಲು ಇರಲಿಲ್ಲ, ಪುಣ್ಯ.

ಚಕ್ಕೆಯಂಥ ಆ ಮದ್ದು ಅಳತೆಯ ಯಂತ್ರದ ಕೊಳವೆಯಲ್ಲಿ ಆಗಾಗ ಕಟ್ಟಿಕೊಳ್ಳುತ್ತದೆ. ಹಾಗಾದಾಗ ಒಂದಕ್ಕೆ ಕಡಿಮೆ ಬೀಳುತ್ತದೆ. ಇದು ತುಂಬುವವರಿಗೆಲ್ಲ ಗೊತ್ತಿರುವ ಸಂಗತಿ, ಅಜ್ಜ ದೀಪ ಬಗ್ಗಿಸಿ ನೋಡುತ್ತಿದ್ದದ್ದೂ ಅದಕ್ಕೇ.

‘ನಾನು ನೋಡಿದ್ದೆ’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ಒಂದೊಂದನ್ನೂ ನೋಡಿದ್ದೆ.’

ನನಗದು ಸುಳ್ಳೆಂದು ಅನ್ನಿಸಲಿಲ್ಲ. ನೋಡಿದ್ದರು. ನೋಟದ ನಡುಮಧ್ಯದಲ್ಲಿ ಮಸುಕು ಬೆಳೆಯುತ್ತಿದೆ ಎಂದು ಕಣ್ಣಿನ ವೈದ್ಯರು ವಸಂತದಲ್ಲೇ ಹೇಳಿದ್ದರಂತೆ. ಅಂಚು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಈ ವಿಷಯ ಮಗಳಿಗೆ ಹೇಳಿರಲಿಲ್ಲ, ನನಗೂ ಆ ದಿನದವರೆಗೆ ಹೇಳಿರಲಿಲ್ಲ. ಬೇಸಿಗೆಯಲ್ಲಿ ರಿವಾಲ್ವರು ಕೆಲವೊಮ್ಮೆ ಮೆಲ್ಲಗೆ ಸದ್ದು ಮಾಡಿದ್ದೂ ಅವರ ಗಮನಕ್ಕೆ ಬಂದಿತ್ತು. ‘ಕಿವಿಯದ್ದು ಅಂದುಕೊಂಡೆ’ ಎಂದರು. ನಾಲ್ಕಂಗುಲದ ನಳಿಗೆ ಅರೆಹೊಟ್ಟೆಯ ತೋಟಾಗಳನ್ನು ಹೇಗೋ ದಾಟಿಸಿ ಕಳಿಸುತ್ತಿತ್ತು. ಹದಿನೆಂಟೂವರೆ ಅಂಗುಲ ಒಂದನ್ನು ಹಿಡಿದು ನಿಲ್ಲಿಸಿತು.

ವಾರದ ಕೊನೆಗೆ ಊರಿಗೆ ಫೋನು ಮಾಡಿದಾಗ ಅಪ್ಪನಿಗೆ ಹೇಳಿದೆ. ಅವರ ಕೋವಿ ಮಾರಿ ಎಷ್ಟೋ ವರ್ಷವಾಗಿದೆ. ಮೊದಲು ‘ಅಲ್ಲಿ ಮಂಗ ಇದಾವಾ?’ ಎಂದು ಕೇಳಿದರು. ಇಲ್ಲವೆಂದೆ. ‘ಮತ್ತೆ ಯಾಕೆ ಹೊಡೀತೀರಿ?’ ಎಂದವರು ಉತ್ತರಕ್ಕೆ ಕಾಯದೆ ‘ಗಜ ಹಾಕಿ ನೋಡಿದ್ರಾ ಇಲ್ವಾ?’ ಎಂದರು. ನೋಡಿದೆವು ಅಂದೆ. ‘ಬೇರೆಯೋರು ತುಂಬಿದ್ದು ನಿಂಗ್ಯಾಕೆ ಮಾರಾಯ್ತಿ’ ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು.

ಎರಡು ವಾರ ಗ್ಯಾರೇಜಿನ ದೀಪ ಉರಿಯಲಿಲ್ಲ. ನಾನೂ ಹೋಗಲಿಲ್ಲ. ಹೋಗಿ ಹೇಳುವುದಾದರೂ ಏನು? ನಲವತ್ತು ವರ್ಷ ಮಾಡಿದ್ದನ್ನು ಇನ್ನು ಬಿಡಿ ಎನ್ನಲು ನಾನು ಮಗಳಲ್ಲ. ಬಿಡಬೇಡಿ ಎನ್ನಲು ಆ ಟಪ್ ಸದ್ದು ಕಿವಿಯಲ್ಲಿತ್ತು. ಮೂರನೇ ವಾರ ಅವರೇ ಬಾಗಿಲು ತಟ್ಟಿದರು. ಕಂಕುಳಲ್ಲಿ ನೋಟ್‌ಬುಕ್ಕು. ಕೂರಲಿಲ್ಲ, ಕಾಫಿಯೂ ಬೇಡವೆಂದರು.

‘ತಕ್ಕಡಿಯ ಮುಳ್ಳು ನನಗೆ ಕಾಣಲ್ಲ, ನಿನಗೆ ಕಾಣುತ್ತೆ. ಪ್ರೆಸ್ಸಿನ ಕೆಲಸ ನನ್ನ ಕೈಗೆ ಬರುತ್ತೆ, ನಿನ್ನ ಕೈಗೆ ಇನ್ನೂ ಬಂದಿಲ್ಲ.’

ಈಗ ಕ್ರಮ ಹೀಗಿದೆ. ಅಳತೆಯ ಯಂತ್ರವನ್ನು ಡಬ್ಬಿಗೆ ಹಾಕಿ ಮೇಲಿಟ್ಟಿದ್ದಾರೆ. ಪ್ರತಿಯೊಂದಕ್ಕೂ ಮದ್ದನ್ನು ತಕ್ಕಡಿಯಲ್ಲಿ ತೂಗಿ ನಾನು ಹಾಕುತ್ತೇನೆ. ‘ಎಷ್ಟು?’ ಎಂದು ಅವರು ಕೇಳುತ್ತಾರೆ, ನಾನು ಹೇಳುತ್ತೇನೆ, ಆಮೇಲೆ ಕೋಶ ಅವರ ಕೈಗೆ. ಗುಂಡು ಕೂರಿಸಿ ಅಂಚು ಕಚ್ಚಿಸುವುದು ಅವರು, ಕಣ್ಣನ್ನು ಬೇರೆಲ್ಲೋ ಇಟ್ಟುಕೊಂಡು, ಹಿಡಿ ಎಷ್ಟು ಬಿಗಿಯಾಗುತ್ತದೆ ಎಂಬ ಅಂದಾಜಿನ ಮೇಲೆ. ಅವರು ಕಚ್ಚಿಸಿದ ಅಂಚನ್ನು ನಾನು ಬೆಳಕಿಗೆ ಹಿಡಿದು ನೋಡುತ್ತೇನೆ. ಇದುವರೆಗೆ ಒಂದೂ ತಪ್ಪಿಲ್ಲ. ಮೊದಲು ಐವತ್ತಕ್ಕೆ ಒಂದು ಗಂಟೆ ಸಾಕಾಗುತ್ತಿತ್ತಂತೆ. ಈಗ ಇಡೀ ಸಂಜೆ ಬೇಕು. ಹಗುರ ತೋಟಾಗಳ ಪೆಟ್ಟಿಗೆಯ ಮೇಲೆ ‘ರಿವಾಲ್ವರಿಗೆ ಮಾತ್ರ’ ಎಂದು ಕೆಂಪು ಶಾಯಿಯಲ್ಲಿ ದಪ್ಪಕ್ಷರದ ಚೀಟಿ ಅಂಟಿಸಿದ್ದಾರೆ, ತಮಗೆ ಕಾಣುವಷ್ಟು ದೊಡ್ಡದಾಗಿ.

ನೋಟ್‌ಬುಕ್ಕಿನಲ್ಲಿ ದಿನಾಂಕ, ಮದ್ದು, ತೂಕ, ಗುಂಡು ಎಂಬ ನಾಲ್ಕು ಸಾಲುಗಳಿದ್ದವು. ಐದನೆಯದನ್ನು ಗೀಟು ಹಾಕಿ ಸೇರಿಸಿ ಅದರಲ್ಲಿ ನನ್ನ ಹೆಸರು ಬರೆಯುತ್ತಾರೆ, ಒಂದು ಅಕ್ಷರ ಹೆಚ್ಚಾಗಿ. ಎರಡು ಸಲ ತಿದ್ದಿ ಹೇಳಿದೆ, ಆಮೇಲೆ ಬಿಟ್ಟೆ. ಮೊದಲ ಐವತ್ತು ಖರ್ಚಾಗಿವೆ. ಕೋಶಗಳನ್ನು ಕೂಳೆಯ ನಡುವಿನಿಂದ ಹೆಕ್ಕಿ ತಂದದ್ದು ನಾನೇ, 48 ಸಿಕ್ಕವು. ಶುಕ್ರವಾರದೊಳಗೆ ಅವನ್ನು ತೊಳೆದು ಒಣಗಿಸಿಡಬೇಕು.